ದೊಡ್ಡ ಹೆಸರಿನ ಜೊತೆ ಕಾದಂಬರಿ: ಹೂಂ ಅನ್ನುವ ಮುನ್ನ

‘ಕಥೆ ನನ್ನದು, ಬರವಣಿಗೆ ನಿಮ್ಮದು’ ಎಂದು ಜನಪ್ರಿಯ ಕಾದಂಬರಿಕಾರರೊಬ್ಬರು ಫೋನ್ ಮಾಡಿದರೆ ಮಡಿಕೇರಿಯಲ್ಲೋ ಪೊನ್ನಂಪೇಟೆಯಲ್ಲೋ ಕೂತು ಬರೆಯುವವರಿಗೆ ಹಿಗ್ಗಾಗುವುದು ಸಹಜ. ಆದರೆ ಫೋನಿನಲ್ಲೇ ಒಪ್ಪಿಕೊಳ್ಳಬೇಡಿ. ತೀರ್ಮಾನ ಮಾಡಬೇಕಾದದ್ದು ಎರಡು ಕಾಗದ ನೋಡಿ: ರೂಪರೇಖೆ ಮತ್ತು ಕರಾರು.

ರೂಪರೇಖೆ ಮೊದಲು

ದುಡ್ಡಿನ ಮಾತಿಗೂ ಮೊದಲು ಅಧ್ಯಾಯವಾರು ರೂಪರೇಖೆ ಕೇಳಿ. ನಲವತ್ತು ಅಧ್ಯಾಯದ ಥ್ರಿಲ್ಲರ್‌ಗೆ ಅಧ್ಯಾಯಕ್ಕೆ ಅರ್ಧ ಪುಟ ಅಂದರೂ ಇಪ್ಪತ್ತು ಪುಟ ಬೇಕು. ಕೈಗೆ ಬಂದದ್ದು ಎರಡೇ ಪುಟವಾದರೆ ಕಥೆ ಕಟ್ಟುವ ಕೆಲಸವೂ ನಿಮ್ಮದೇ. ಆ ಕೆಲಸಕ್ಕೆ ದರವೇ ಬೇರೆ. ವಿವರವಾದ ರೂಪರೇಖೆ ಬರೆದು ಸಹಲೇಖಕರ ಕೈಗಿಡುವುದು ಅಮೆರಿಕದ ಥ್ರಿಲ್ಲರ್ ಲೇಖಕ ಜೇಮ್ಸ್ ಪ್ಯಾಟರ್ಸನ್ ಅವರ ಕ್ರಮ. ಸಹಲೇಖಕರ ಹೆಸರೂ ಮುಖಪುಟದಲ್ಲಿರುತ್ತದೆ. 2014ರಲ್ಲಿ ನಮ್ಮ ದೇಶದ ಕಾದಂಬರಿಕಾರ ಅಶ್ವಿನ್ ಸಾಂಘಿ ಅವರ ಹೆಸರು ಹಾಗೆಯೇ ಪ್ಯಾಟರ್ಸನ್ ಹೆಸರಿನ ಜೊತೆ ಬಂತು.

ಓದಿ ಒಪ್ಪಿಗೆಯಾದರೆ ಮಾದರಿಗೆ ಒಂದು ಅಧ್ಯಾಯ ಬರೆದುಕೊಡಿ, ಪುಕ್ಕಟೆಯಾಗಿ ಬೇಡ. ಅದು ತಿದ್ದಿ ವಾಪಸ್ ಬಂದಾಗ ಎಲ್ಲವೂ ಗೊತ್ತಾಗುತ್ತದೆ. ‘ಇಲ್ಲಿ ವೇಗ ಸಾಲದು, ಸಂಭಾಷಣೆ ಮೊದಲು ಬರಲಿ’ ಎಂಬಂಥ ಟಿಪ್ಪಣಿ ಇದ್ದರೆ ಮುಂದುವರಿಯಬಹುದು. ‘ಯಾಕೋ ಸರಿಯಾಗಿಲ್ಲ’ ಎಂಬ ಒಂದೇ ಸಾಲು ಬಂದರೆ ಮುಂದಿನ ಮೂವತ್ತೊಂಬತ್ತು ಅಧ್ಯಾಯಕ್ಕೂ ಅದೇ ಗತಿ.

ನಿಮ್ಮನ್ನೇ ಯಾಕೆ ಕೇಳಿದರು?

ಬಹುಶಃ ಕಥೆ ನಡೆಯುವುದು ಕೊಡಗಿನಲ್ಲಿ. ಹಾಗಿದ್ದರೆ ಊರಿನವರು ಪ್ರಶ್ನೆ ಕೇಳುವುದೂ ನಿಮ್ಮನ್ನೇ, ಬೆಂಗಳೂರಿನಲ್ಲಿರುವ ಲೇಖಕರನ್ನಲ್ಲ. ರೂಪರೇಖೆಯಲ್ಲೇ ತಪ್ಪು ಹುಡುಕಿ: ಡಿಸೆಂಬರ್‌ನ ಅರೇಬಿಕಾ ಕಾಫಿ ಕೊಯ್ಲಿನ ನಡುವೆ ತೋಟವೆಲ್ಲ ಹೂ ಬಿಟ್ಟಿರುತ್ತದೆ (ಕಾಫಿ ಹೂ ಅರಳಿಸುವ ಹೂಮಳೆ ಬೀಳುವುದು ಮಾರ್ಚ್–ಏಪ್ರಿಲ್‌ನಲ್ಲಿ), ಕೊಡವ ಮದುವೆಗೆ ಪುರೋಹಿತರು ಬಂದು ಅಗ್ನಿಸಾಕ್ಷಿ ಮಾಡಿಸುತ್ತಾರೆ (ಅಲ್ಲಿ ಎರಡೂ ಇಲ್ಲ), ಸುಗ್ಗಿ ಹಬ್ಬ ಪುತ್ತರಿಯಲ್ಲಿ ಕದಿರು ತೆಗೆಯುವಾಗ ಹಾರಿಸುವ ಕೋವಿ ಮಧ್ಯಾಹ್ನವೇ ಸಿಡಿಯುತ್ತದೆ (ಅದು ರಾತ್ರಿಯದು). ಖಳನಾಯಕನಿಗೆ ನಿಜವಾದ ಒಕ್ಕದ (ಕೊಡವ ಮನೆತನದ) ಹೆಸರಿಟ್ಟಿದ್ದರಂತೂ ಅಲ್ಲೇ ತೆಗೆಸಿ. ಇಲ್ಲಿ ಮನೆಹೆಸರು ಅಂದರೆ ಬದುಕಿರುವ ಒಂದು ಕುಟುಂಬ, ವಿಷಯ ಮಾನನಷ್ಟ ಮೊಕದ್ದಮೆಯವರೆಗೆ ಹೋಗಬಹುದು. ಸ್ಥಳೀಯ ವಿವರಗಳ ಕೊನೆಯ ಓದು ನಿಮ್ಮದು, ಒಪ್ಪಿಗೆಯಾಗದಿದ್ದರೆ ಹೆಸರು ಹಿಂತೆಗೆಯುವ ಹಕ್ಕೂ ನಿಮ್ಮದು ಎಂದು ಕರಾರಿಗೆ ಸೇರಿಸಿ.

ಹೆಸರು, ಹಕ್ಕು

ಹತ್ತೊಂಬತ್ತನೇ ಶತಮಾನದ ಫ್ರೆಂಚ್ ಕಾದಂಬರಿಕಾರ ಅಲೆಕ್ಸಾಂಡರ್ ಡ್ಯೂಮಾ ಜೊತೆ ವರ್ಷಗಟ್ಟಲೆ ದುಡಿದ ಓಗುಸ್ತ್ ಮಾಕೆ 1858ರಲ್ಲಿ ಕೋರ್ಟಿನ ಮುಂದೆ ನಿಂತಾಗ ಹಣವೇನೋ ಸಿಕ್ಕಿತು, ಸಹಲೇಖಕನೆಂಬ ಮನ್ನಣೆ ಸಿಗಲಿಲ್ಲ. ಆದ್ದರಿಂದ ಹೆಸರು ಮುಖಪುಟದಲ್ಲೋ, ಒಳಪುಟದಲ್ಲೋ, ಎಲ್ಲಿಯೂ ಇಲ್ಲವೋ ಎಂಬುದು ಬರಹದಲ್ಲಿರಲಿ. ಹೆಸರೇ ಇಲ್ಲದಿದ್ದರೂ ತೊಂದರೆಯಿಲ್ಲ, ಆದರೆ ಆಗ ಸಂಭಾವನೆ ಏರಬೇಕು.

‘ದುಡ್ಡು ಕೊಟ್ಟ ಮೇಲೆ ಬರಹ ಅವರದ್ದೇ’ ಎಂಬ ನಂಬಿಕೆ ತಪ್ಪು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ಸಂಬಳದ ನೌಕರನಲ್ಲದ ಬರಹಗಾರನೇ ತಾನು ಬರೆದದ್ದರ ಮೊದಲ ಒಡೆಯ. ವರ್ಗಾವಣೆಗೆ ಸಹಿ ಹಾಕಿದ ಬರಹ ಬೇಕು. ಅದರಲ್ಲಿ ಅವಧಿ ಬರೆಯದಿದ್ದರೆ 5 ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ ಎಂದು 19ನೇ ಸೆಕ್ಷನ್ ಹೇಳುತ್ತದೆ. ಹೀಗಾಗಿ ‘ಎಲ್ಲ ಹಕ್ಕು, ಎಲ್ಲ ಕಾಲಕ್ಕೆ’ ಎಂಬ ಸಾಲು ಕರಾರಿನಲ್ಲಿ ಬಂದೇ ಬರುತ್ತದೆ. ಅದನ್ನು ಬಿಡಿಸಿ, ಮುದ್ರಣ, ಇ-ಪುಸ್ತಕ, ಆಡಿಯೊ, ಅನುವಾದ, ಸಿನಿಮಾ, ವೆಬ್ ಸರಣಿ ಒಂದೊಂದಕ್ಕೂ ಪಾಲು ಎಷ್ಟೆಂದು ಬರೆಸಿ.

ಲೆಕ್ಕ

60,000 ಪದ, ದಿನಕ್ಕೆ 800 ಅಂದರೆ ಕರಡಿಗೇ 75 ದಿನ. ತಿದ್ದುಪಡಿಗೆ ಇನ್ನೊಂದು 30. ಪುಸ್ತಕದ ಬೆಲೆ 300 ರೂ., ಸಾವಿರ ಪ್ರತಿ, 10 ಶೇಕಡ ರಾಯಧನ (ರಾಯಲ್ಟಿ) ಅಂದುಕೊಳ್ಳಿ. ಒಟ್ಟು 30,000 ರೂಪಾಯಿಯಲ್ಲಿ ಅರ್ಧ ಸಿಕ್ಕರೂ ನಿಮ್ಮ ಪಾಲು 15,000, ದಿನಕ್ಕೆ 143 ರೂ. ಕಾಫಿ ಕೊಯ್ಯುವವರ ಕೂಲಿ ಇದಕ್ಕಿಂತ ಜಾಸ್ತಿ! ಐದು ಸಾವಿರ ಪ್ರತಿ ಹೋದರೆ 75,000 ಆಗಬಹುದು, ಆದರೆ ಮಾರಾಟದ ಲೆಕ್ಕ ಇರುವುದು ಪ್ರಕಾಶಕರ ಬಳಿ. ಆದ್ದರಿಂದ ಬರೀ ರಾಯಧನದ ಕರಾರು ಬೇಡ. ನಿಶ್ಚಿತ ಮೊತ್ತವೊಂದಿರಲಿ, ಅದರ ಮೇಲೆ ಸಣ್ಣ ಪಾಲಿರಲಿ.

ಕಂತುಗಳು ಹೀಗಿದ್ದರೆ ಒಳ್ಳೆಯದು: ಸಹಿಗೆ 20 ಶೇಕಡ, ಅರ್ಧ ಕರಡಿಗೆ 30, ಪೂರ್ಣ ಕರಡಿಗೆ 30, ಕೊನೆಯ ಪ್ರತಿಗೆ 20. ‘ಪ್ರಕಟಣೆಯಾದ ಮೇಲೆ’ ಎಂಬ ಕಂತು ಒಪ್ಪಬೇಡಿ, ಪ್ರಕಟಣೆ ನಿಮ್ಮ ಕೈಯಲ್ಲಿಲ್ಲ. ‘ಲೇಖಕರಿಗೆ ತೃಪ್ತಿಯಾಗುವವರೆಗೆ ತಿದ್ದತಕ್ಕದ್ದು’ ಎಂಬ ಸಾಲು ಅದಕ್ಕಿಂತ ಅಪಾಯ. ಎರಡು ಸುತ್ತು, ಮೂರನೆಯದಕ್ಕೆ ಪ್ರತ್ಯೇಕ ಹಣ ಎಂದು ಬದಲಿಸಿ. ಯೋಜನೆ ನಡುವೆ ಬಿದ್ದುಹೋದರೆ ಆವರೆಗಿನ ಹಣ ವಾಪಸ್ ಕೊಡಬೇಕಿಲ್ಲ ಎಂಬುದೂ ಇರಲಿ.

ಮಳೆ ಮತ್ತು ಗಡುವು

ತೋಟ ನೋಡಿಕೊಳ್ಳುವವರಾದರೆ ನವೆಂಬರ್‌ನಿಂದ ಮಾರ್ಚ್‌ವರೆಗೆ ಅರೇಬಿಕಾ, ರೋಬಸ್ಟಾ ಎಂದು ಕೊಯ್ಲಿನಲ್ಲೇ ಹೋಗುತ್ತದೆ. ಜುಲೈ–ಆಗಸ್ಟ್‌ನಲ್ಲಿ ಮರ ಬಿದ್ದು ಕರೆಂಟು, ನೆಟ್‌ವರ್ಕ್ ಎರಡೂ ಕೈಕೊಡುತ್ತವೆ. ಗಡುವು ಅಲ್ಲಿ ಬೀಳದಂತೆ ನೋಡಿಕೊಳ್ಳಿ, ಮಳೆಗೆಂದೇ 20 ದಿನ ಹೆಚ್ಚು ಕೇಳಿ.

ಸಹಿಗೆ ಮುನ್ನ ಕರಾರಿನ ಕೊನೆಯ ಪುಟ ಓದಿ, ವಕೀಲರಿಗೂ ಒಮ್ಮೆ ತೋರಿಸಿ. ನ್ಯಾಯವ್ಯಾಪ್ತಿ ಬೆಂಗಳೂರು ಎಂದಿದ್ದರೆ ಪ್ರತಿ ವಾಯಿದೆಗೂ ಮಡಿಕೇರಿಯಿಂದ ಸುಮಾರು 260 ಕಿ.ಮೀ. ಹೋಗಬೇಕಾದೀತು. ಮಡಿಕೇರಿ ಎಂದು ಬದಲಿಸಲು ಕೇಳಿ. ಒಪ್ಪದಿದ್ದರೆ ವಿಡಿಯೊ ಮೂಲಕ ಮಧ್ಯಸ್ಥಿಕೆ ಎಂದಾದರೂ ಬರೆಸಿ.