ಓಕ್‌ಲ್ಯಾಂಡಿನ ಗಾಲಾದಲ್ಲಿ ಆಯೇರಿ ಕೂಗಿದೆವು

ಮೂರನೇ ವರ್ಷಕ್ಕೆ ಕೈಹಿಡಿಯಿತು. ಕಳೆದ ಅಕ್ಟೋಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡಿನಲ್ಲಿ ನಡೆದ ನಮ್ಮ ಪ್ರಶಸ್ತಿ ಗಾಲಾದಲ್ಲಿ, ಅಂದರೆ ದೇಣಿಗೆ ಕೂಡಿಸುವ ಔತಣದಲ್ಲಿ, ಎಲ್ಲ ಖರ್ಚು ಕಳೆದು ಸುಮಾರು 87 ಸಾವಿರ ಡಾಲರ್ ಉಳಿಯಿತು. ಮೊದಲ ವರ್ಷ ಉಳಿದಿದ್ದು 6 ಸಾವಿರ ಚಿಲ್ಲರೆ. ಈ ಸಲದ ಹಾಲ್ ಚಿಕ್ಕದು, ಜನವೂ ಕಡಿಮೆ. ಹೇಗಾಯಿತು ಅಂತ ಬೇರೆ ಸಂಘಗಳವರು ಕೇಳುತ್ತಲೇ ಇದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಸಣ್ಣ ಸಂಸ್ಥೆ. ಕಪ್ಪು, ಲ್ಯಾಟಿನೋ, ಏಷ್ಯನ್, ಅಮೆರಿಕದ ಮೂಲನಿವಾಸಿ ಸಿನಿಮಾದವರಿಗೆ ನಿಂತುಹೋದ ಚಿತ್ರ ಮುಗಿಸಲು ದುಡ್ಡು ಕೊಡುತ್ತೇವೆ. ಶೂಟಿಂಗ್ ಹೇಗೋ ಆಗಿರುತ್ತದೆ. ಚಿತ್ರ ನಿಲ್ಲುವುದು ಕೊನೆಯಲ್ಲಿ. ಸೌಂಡ್ ಮಿಕ್ಸ್, ಕಲರ್, ಹಾಡಿನ ಹಕ್ಕು, ವಿಮೆ ಇವುಗಳಿಗೆ ಕಾಸಿರುವುದಿಲ್ಲ.

ಓಕ್‌ಲ್ಯಾಂಡಿಗೆ ಈ ಕೆಲಸ ಹೊಸದಲ್ಲ. 1974ರಲ್ಲಿ ಶುರುವಾದ ಬ್ಲ್ಯಾಕ್ ಫಿಲ್ಮ್‌ಮೇಕರ್ಸ್ ಹಾಲ್ ಆಫ್ ಫೇಮ್ ಅನ್ನುವ ಸಂಸ್ಥೆ ಇದೇ ಊರಿನಲ್ಲಿ ಕಪ್ಪು ನಿರ್ದೇಶಕ ಆಸ್ಕರ್ ಮಿಶೋ ಹೆಸರಿನ ಪ್ರಶಸ್ತಿ ಕೊಡುತ್ತಿತ್ತು. ಮಿಶೋ ತಮ್ಮ ಮೊದಲ ಚಿತ್ರ ತೆರೆಗೆ ತಂದದ್ದು 1919ರಲ್ಲಿ. ರೈತರ ಹತ್ತಿರ ಹೋಗಿ ಷೇರು ಮಾರಿ ದುಡ್ಡು ಕೂಡಿಸಿದ್ದರು. ಬಿಳಿಯರಲ್ಲದವರ ಸಿನಿಮಾಕ್ಕೆ ದುಡ್ಡು ಎತ್ತುವ ಪಾಡು ಅಷ್ಟು ಹಳೆಯದು.

ಮೊದಲ ವರ್ಷದ ಕಥೆ ಹೇಳಿಬಿಡುತ್ತೇನೆ. ದೊಡ್ಡ ಹೋಟೆಲ್, 220 ಜನ. ಊಟದ ಒಪ್ಪಂದದಲ್ಲಿ ಕನಿಷ್ಠ 32 ಸಾವಿರ ಅಂತ ಇತ್ತು. ಅದರ ಮೇಲೆ 24 ಪರ್ಸೆಂಟ್ ಸರ್ವಿಸ್ ಚಾರ್ಜ್. ಕ್ಯಾಲಿಫೋರ್ನಿಯಾದಲ್ಲಿ ಕಡ್ಡಾಯ ಸರ್ವಿಸ್ ಚಾರ್ಜಿನ ಮೇಲೂ ಸೇಲ್ಸ್ ಟ್ಯಾಕ್ಸ್ ಬೀಳುತ್ತದೆ. ಕೊನೆಗೆ ಬಿಲ್ 43 ಸಾವಿರ ದಾಟಿತು. ಹೆಸರಾಂತ ನಟರೊಬ್ಬರನ್ನು ಕರೆಸಿದ್ದೆವು. ಅವರ ವಿಮಾನ, ರೂಮು, ಮೇಕಪ್ ಸೇರಿ 11 ಸಾವಿರ. ಜನ ಅವರ ಜೊತೆ ಸೆಲ್ಫಿ ತೆಗೆಸಿಕೊಂಡರು. ನಾವು ದೇಣಿಗೆ ಕೇಳುವ ಹೊತ್ತಿಗೆ ಕಾಲು ಭಾಗ ಕುರ್ಚಿ ಖಾಲಿ.

ದುಡ್ಡಿಗಿಂತ ಜಾಸ್ತಿ ನೋವಾಗಿದ್ದು ಇನ್ನೊಂದಕ್ಕೆ. ಮುಂದಿನ ಟೇಬಲ್‌ಗಳನ್ನೆಲ್ಲ ಸ್ಪಾನ್ಸರ್‌ಗಳಿಗೆ ಮಾರಿದ್ದೆವು. ಪ್ರಶಸ್ತಿ ಪಡೆಯುವ ಕಲಾವಿದರನ್ನು ಅಡುಗೆಮನೆ ಬಾಗಿಲ ಪಕ್ಕ ಕೂರಿಸಿದ್ದೆವು. ಎಪ್ಪತ್ತು ದಾಟಿದ ಕಪ್ಪು ನಿರ್ದೇಶಕಿಯೊಬ್ಬರು ಹೊರಡುವಾಗ ನನ್ನ ಕೈ ಹಿಡಿದು, "ಈ ಟೇಬಲ್ ನಮಗೆ ಗೊತ್ತಿರೋದೇ ಮಗಳೇ" ಅಂದರು. ಅವರು ಯಾವುದರ ಬಗ್ಗೆ ಹೇಳಿದರು ಅಂತ ಮನೆಗೆ ಬಂದ ಮೇಲೆ ಹೊಳೆಯಿತು. 1940ರ ಫೆಬ್ರವರಿ 29ರಂದು ಹ್ಯಾಟಿ ಮೆಕ್‌ಡ್ಯಾನಿಯಲ್ ಆಸ್ಕರ್ ಗೆದ್ದರು. ಆಸ್ಕರ್ ಗೆದ್ದ ಮೊದಲ ಕಪ್ಪು ಕಲಾವಿದೆ ಅವರು. ಲಾಸ್ ಏಂಜಲೀಸ್‌ನ ಆಂಬಾಸಿಡರ್ ಹೋಟೆಲ್ ಕಪ್ಪು ಜನರನ್ನು ಒಳಗೆ ಬಿಡುತ್ತಿರಲಿಲ್ಲ. ವಿಶೇಷ ಅನುಮತಿ ತೆಗೆದುಕೊಂಡು ಅವರನ್ನು ಒಳಗೆ ಕರೆತಂದರು. ಆದರೆ ಕೂರಿಸಿದ್ದು ಗೋಡೆ ಪಕ್ಕದ ಬೇರೆ ಚಿಕ್ಕ ಟೇಬಲ್‌ನಲ್ಲಿ. ನಾವು ಅದೇ ಕೆಲಸ ಮಾಡಿದ್ದೆವು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಎರಡನೇ ವರ್ಷ ಸೈಲೆಂಟ್ ಆಕ್ಷನ್, ಅಂದರೆ ವಸ್ತುಗಳನ್ನು ಇಟ್ಟು ಚೀಟಿಯಲ್ಲಿ ಬೆಲೆ ಬರೆಸುವ ಹರಾಜು. ಮೂರು ತಿಂಗಳು ಅಲೆದು 60 ವಸ್ತು ಕೂಡಿಸಿದೆವು. ಬಂದದ್ದು 9 ಸಾವಿರ. ಪರದೆ ಮೇಲೆ ಚಿತ್ರ ಓಡುವಾಗ ಜನ ವೈನ್ ಬುಟ್ಟಿ ಸುತ್ತ ನಿಂತಿದ್ದರು. ರ‍್ಯಾಫಲ್ ಕೂಡ ಮಾಡಿದೆವು, ಅಂದರೆ ಟಿಕೆಟ್ ಮಾರಿ ಲಾಟರಿ ಎತ್ತುವುದು. ಅದಕ್ಕೆ ರಾಜ್ಯದ ಅಟಾರ್ನಿ ಜನರಲ್ ಕಚೇರಿಯಲ್ಲಿ ನೋಂದಣಿ ಬೇಕು. ಟಿಕೆಟ್ ಹಣದಲ್ಲಿ 90 ಪರ್ಸೆಂಟ್ ಸೇವೆಗೇ ಹೋಗಬೇಕು. ಅಷ್ಟೆಲ್ಲ ಕಾಗದ ತುಂಬಿ ಕೂಡಿದ್ದು 1,400 ಡಾಲರ್. ಆ ವರ್ಷ ಒಟ್ಟು 19 ಸಾವಿರದ ಹತ್ತಿರ ಉಳಿದಿರಬೇಕು.

ಮೂರನೇ ವರ್ಷ ಎಲ್ಲ ಕಿತ್ತು ಹಾಕಿದೆ. ಹರಾಜು ಇಲ್ಲ, ರ‍್ಯಾಫಲ್ ಇಲ್ಲ, ಸ್ಟಾರ್ ಇಲ್ಲ. ಹದಿನಾರು ಟೇಬಲ್, ತಲಾ ಎಂಟು ಕುರ್ಚಿ. ಪ್ರತಿ ಟೇಬಲ್‌ನಲ್ಲಿ ಏಳು ಕುರ್ಚಿ ಮಾತ್ರ ಮಾರಾಟಕ್ಕೆ. ಎಂಟನೆಯದು ಕಲಾವಿದರದು. ಪ್ರಶಸ್ತಿ ಇದ್ದದ್ದು ಐವರಿಗೆ. ಉಳಿದ ಕುರ್ಚಿಗಳಲ್ಲಿ ಎಡಿಟರ್, ಕ್ಯಾಮೆರಾದವರು, ಗೋಡೆಚಿತ್ರ ಬರೆಯುವವರು, ಹಿಂದೆ ನಮ್ಮಿಂದ ನೆರವು ಪಡೆದವರು ಕೂತರು. ಹಿಂದಿನ ಸಾಲಿನ ಟೇಬಲ್ ಅನ್ನೋದೇ ಇರಲಿಲ್ಲ. ಟೇಬಲ್‌ಗಳನ್ನು ವೃತ್ತದಲ್ಲಿ ಹಾಕಿದ್ದೆವು.

ಇನ್ನು ದೇಣಿಗೆ ಕೇಳುವ ವಿಷಯ. ಇಲ್ಲಿನ ಗಾಲಾಗಳಲ್ಲಿ ಪ್ಯಾಡಲ್, ಅಂದರೆ ನಂಬರ್ ಬರೆದ ಹಲಗೆ, ಎತ್ತಿಸಿ ದೇಣಿಗೆ ಕೇಳುತ್ತಾರೆ. ನಂಬರ್ ಎತ್ತಿ, ಮೊತ್ತ ಬರೆದುಕೊಂಡು ಮುಂದೆ ಹೋಗುತ್ತಾರೆ. ನನ್ನ ಊರು ಗದಗದ ಕಡೆ. ಅಲ್ಲಿ ಜಾತ್ರೆ ನಾಟಕದ ನಡುವೆ ಆಯೇರಿ ಮಾಡುತ್ತಾರೆ, ಅಂದರೆ ನೋಡುವವರು ಪಾತ್ರಧಾರಿಗಳಿಗೆ ದುಡ್ಡು ಕೊಡುತ್ತಾರೆ. ಯಾರು, ಎಷ್ಟು, ಯಾವ ಪಾತ್ರಧಾರಿಗೆ ಅಂತ ಮೈಕಿನಲ್ಲಿ ಕೂಗುತ್ತಾರೆ. ಐವತ್ತು ರೂಪಾಯಿ ಕೊಟ್ಟವನ ಹೆಸರೂ ಕೂಗುತ್ತಾರೆ. ಇಲ್ಲೂ ಹಾಗೇ ಮಾಡೋಣ ಅಂದೆ.

ಯಾರೂ ಒಪ್ಪಲಿಲ್ಲ. ಬೋರ್ಡಿನಲ್ಲಿ ಫ್ರೀಮಾಂಟಿನ ಹಿರಿಯರೊಬ್ಬರಿದ್ದಾರೆ, ಧಾರವಾಡದವರು. "ತಂಗೀ, ಇದು ಜಾತ್ರೆ ನಾಟಕ ಅಲ್ಲವಾ. ಹೆಸರು ಕೂಗಿದರೆ ಇಲ್ಲಿನವರು ಎದ್ದು ಹೋಗುತ್ತಾರೆ" ಅಂದರು. "ಒಂದು ಸಲ ನೋಡೋಣ ಕಾಕಾ" ಅಂದೆ. ಹೆಸರು ಬೇಡ ಅನ್ನುವವರಿಗೆ ಚೀಟಿಯಲ್ಲಿ ಒಂದು ಗುರುತು ಇಟ್ಟೆವು. ಅದನ್ನು ಬಳಸಿದವರು ನಾಲ್ಕೋ ಐದೋ ಜನ ಅಷ್ಟೇ.

ಅಂದು ತೋರಿಸಿದ ಮೊದಲ ಚಿತ್ರ ಸ್ಯಾಲಿನಾಸ್ ಕಣಿವೆಯ ಲೆಟಿಸ್ ಹೊಲದಲ್ಲಿ ದುಡಿಯುವ ಹೆಂಗಸರದು. ಅದರ ಒಂದು ನಿಮಿಷವನ್ನು ಹಸಿ ಶಬ್ದದಲ್ಲೇ ಹಾಕಿದೆವು. ಬರೀ ಗಾಳಿಯ ಭರಭರ. ಒಬ್ಬ ಹೆಂಗಸು ಏನೋ ಹೇಳುತ್ತಿದ್ದಾಳೆ, ಒಂದು ಮಾತೂ ತಿಳಿಯದು. ಆಮೇಲೆ ಅದೇ ನಿಮಿಷ, ಮಿಕ್ಸ್ ಮಾಡಿದ ಶಬ್ದದಲ್ಲಿ. ಆಕೆಯ ದನಿ ಕೇಳಿತು. ಉಸಿರೂ ಕೇಳಿತು. ಹಾಲ್‌ನಲ್ಲಿ ಚಮಚದ ಸದ್ದು ನಿಂತಿತು. "ಉಳಿದ 71 ನಿಮಿಷಕ್ಕೆ 9 ಸಾವಿರ ಡಾಲರ್ ಬೇಕು" ಅಂತ ನಿರ್ದೇಶಕಿ ತಾವೇ ಹೇಳಿದರು. ಬೇರೆ ಭಾಷಣ ಇಲ್ಲ. ನಾಲ್ಕು ನಿಮಿಷದಲ್ಲಿ ತುಂಬಿತು.

ಹೀಗೆ ಒಟ್ಟು ಐದು ಚಿತ್ರ. ಪ್ರತಿ ಹೆಸರಿನ ಜೊತೆ ಆ ದುಡ್ಡು ಯಾವುದಕ್ಕೆ ಅಂತಲೂ ಕೂಗಿದೆವು. 5 ಸಾವಿರಕ್ಕೂ 50ಕ್ಕೂ ಒಂದೇ ದನಿ. ಮೊದಲ ಕೈ ಎತ್ತುವವರನ್ನು ನಾನು ಹೇಗೆ ಹೊಂದಿಸಿದ್ದೆ ಅನ್ನೋದನ್ನು ಇಲ್ಲಿ ಬರೆಯುವುದಿಲ್ಲ. ಅದು ನನ್ನ ಹತ್ತಿರವೇ ಇರಲಿ. ಯಾವ ಕಲಾವಿದರನ್ನು ಯಾವ ಟೇಬಲ್‌ಗೆ ಹಾಕುತ್ತೇನೆ ಅನ್ನುವ ಲೆಕ್ಕವೂ ಹಾಗೇ. ಆದರೆ ಹೊತ್ತು ಮಾತ್ರ ಹೇಳುತ್ತೇನೆ: ಪ್ರಶಸ್ತಿಗೆ ಮೊದಲು, ಊಟ ಅರ್ಧ ಆದಾಗ. ಪ್ರಶಸ್ತಿ ಆದಮೇಲೆ ಕೇಳಿದರೆ ಜನ ಕಾರ್ ಕೀ ಹುಡುಕುತ್ತಿರುತ್ತಾರೆ.

ಊಟದಲ್ಲೂ ಒಂದು ಪ್ರಯೋಗ ಮಾಡಿದೆ. ಓಕ್‌ಲ್ಯಾಂಡಿನಲ್ಲಿ ಇಥಿಯೋಪಿಯಾದವರ ಹೋಟೆಲ್‌ಗಳು ಬಹಳ. ಅಲ್ಲಿಂದ ತರಿಸಿದೆ. ಇಂಜೆರಾ ನಮ್ಮ ದೋಸೆಯ ದಾಯಾದಿ, ಟೆಫ್ ಹಿಟ್ಟು ಹುದುಗಿಸಿ ಹೊಯ್ಯುತ್ತಾರೆ. ದೊಡ್ಡ ತಟ್ಟೆಯಲ್ಲಿ ಎಲ್ಲರೂ ಕೈ ಹಾಕಿ ಉಣ್ಣಬೇಕು. ಒಂದೇ ತಟ್ಟೆಯಲ್ಲಿ ಉಂಡವರು ಮಾತಾಡದೆ ಇರುವುದು ಕಷ್ಟ ಅಲ್ವಾ? ತಲೆಗೆ 40 ಡಾಲರ್ ಒಳಗೇ ಮುಗಿಯಿತು. ಪ್ರಶಸ್ತಿಗೆ ಬೀದರಿನಿಂದ ಬಿದ್ರಿ ತಟ್ಟೆ ತರಿಸಿದೆ. ಕೋಟೆಯ ಮಣ್ಣಿನಲ್ಲಿ ಕಪ್ಪಾದ ಲೋಹ, ಅದರ ಮೇಲೆ ಬೆಳ್ಳಿಯ ಕುಸುರಿ. ತಲಾ ಮೂರೂವರೆ ಸಾವಿರ ರೂಪಾಯಿ ಬಿದ್ದಿರಬೇಕು. ನನ್ನ ತಮ್ಮ ಸೂಟ್‌ಕೇಸಿನಲ್ಲಿ ಸೀರೆ ಸುತ್ತಿ ತಂದ. ಆ ಹಿರಿಯ ನಿರ್ದೇಶಕಿಯನ್ನು ಈ ಸಲ ಮತ್ತೆ ಕರೆದು, ನಡುವಿನ ಟೇಬಲ್‌ನಲ್ಲಿ ಕೂರಿಸಿ, ಮೊದಲ ತಟ್ಟೆ ಅವರ ಕೈಗೇ ಕೊಟ್ಟೆವು.

ಲೆಕ್ಕದ ಎರಡು ಮಾತು. ಟಿಕೆಟ್ 75 ಡಾಲರ್ ದಾಟಿದರೆ ಊಟದ ಬೆಲೆ ಕಳೆದು ಎಷ್ಟಕ್ಕೆ ತೆರಿಗೆ ವಿನಾಯಿತಿ ಅಂತ ಬರೆದು ಕೊಡಲೇಬೇಕು. ದಾನಿಗಳು ಮೊದಲೇ ತೆರಿಗೆ ವಿನಾಯಿತಿ ಪಡೆದು ದಾನಕ್ಕಂತಲೇ ಇಟ್ಟ ಡೋನರ್ ಅಡ್ವೈಸ್ಡ್ ಫಂಡ್‌ನಿಂದ ಟೇಬಲ್ ಕೊಳ್ಳಲು ಬರುವುದಿಲ್ಲ. ಎರಡನೇ ವರ್ಷ ಅಂಥ ಒಂದು ಚೆಕ್ ವಾಪಸ್ ಕಳಿಸಬೇಕಾಯಿತು. ಆಯೇರಿಗೆ ಆ ತೊಂದರೆ ಇಲ್ಲ, ಅದು ಶುದ್ಧ ದೇಣಿಗೆ. ಕಂಪನಿಗಳ ಮ್ಯಾಚಿಂಗ್ (ನೌಕರರ ದೇಣಿಗೆಗೆ ಕಂಪನಿ ಸೇರಿಸಿ ಕೊಡುವ ದುಡ್ಡು) ಕೂಡ ಅದಕ್ಕೇ ಸುಲಭವಾಗಿ ಸಿಕ್ಕಿತು. ಟೇಬಲ್‌ಗಳಿಂದ 36 ಸಾವಿರ, ಮ್ಯಾಚಿಂಗ್ ಸೇರಿ ಆಯೇರಿಯಿಂದ 79 ಸಾವಿರ, ಖರ್ಚು 28 ಸಾವಿರದ ಆಸುಪಾಸು.

ಮುಂದಿನ ವರ್ಷಕ್ಕೆ ಅದೇ ಹಾಲ್‌ಗೆ ಮುಂಗಡ ಕೊಟ್ಟಾಗಿದೆ. ಮೂವತ್ತು ಟೇಬಲ್ ಮಾಡೋಣ ಅಂತ ಈಗ ಕಾಕಾನೇ ಹೇಳುತ್ತಿದ್ದಾರೆ. ನಾನು ಇಪ್ಪತ್ತಕ್ಕೆ ನಿಲ್ಲಿಸಿದ್ದೇನೆ. ಅಲ್ಲಿ ಕೂರಲು ಇಪ್ಪತ್ತು ಕಲಾವಿದರು ಒಪ್ಪಿದ ಮೇಲೇ ಟಿಕೆಟ್ ಮಾರಾಟ ಶುರು.