ಪ್ಲೇಟ್‌ಲೆಟ್ ಇಳಿದಿದೆಯೇ? ಅದರ ಜೊತೆಗೆ ಪಿಸಿವಿ ಸಾಲನ್ನೂ ನೋಡಿ

‘ಬಿಳಿ ರಕ್ತಕಣ ಕಮ್ಮಿಯಾಗಿದೆಯಂತೆ’ ಎನ್ನುವುದು ಡೆಂಗಿ ಬಂದವರ ಮನೆಯಲ್ಲಿ ಕೇಳಿಬರುವ ಮಾತು. ಡೆಂಗಿಯಲ್ಲಿ ಬಿಳಿ ರಕ್ತಕಣವೂ ಇಳಿಯುತ್ತದೆ, ನಿಜ. ಆದರೆ ಮನೆಯವರು ಹೇಳುತ್ತಿರುವುದು ಪ್ಲೇಟ್‌ಲೆಟ್ ವಿಷಯ. ಅದೇ ಬೇರೆ, ಇದೇ ಬೇರೆ. ಗಾಯವಾದ ಕಡೆ ಒಟ್ಟುಗೂಡಿ ರಕ್ತ ನಿಲ್ಲಿಸುವ ಈ ಕಣಗಳು ಮೂಳೆಯ ಮಜ್ಜೆಯಲ್ಲಿ ಹುಟ್ಟಿ 7ರಿಂದ 10 ದಿನ ಬದುಕುತ್ತವೆ. ಒಂದು ಮೈಕ್ರೋಲೀಟರ್ ರಕ್ತದಲ್ಲಿ 1.5 ಲಕ್ಷದಿಂದ 4.5 ಲಕ್ಷದವರೆಗೆ ಇರುತ್ತವೆ. ಡೆಂಗಿ ವೈರಾಣು ಮಜ್ಜೆಯ ಉತ್ಪಾದನೆಯನ್ನೂ ತಗ್ಗಿಸುತ್ತದೆ, ಇದ್ದ ಪ್ಲೇಟ್‌ಲೆಟ್‌ಗಳೂ ಬೇಗ ನಾಶವಾಗುತ್ತವೆ. ಅದಕ್ಕೇ ಬೆಳಿಗ್ಗೆಯ ಎಣಿಕೆ ಸಂಜೆಗೆ ಇರುವುದಿಲ್ಲ.

ರಿಪೋರ್ಟ್ ಓದುವುದು

ಜ್ವರ ಶುರುವಾದ ದಿನವನ್ನು ಮೊದಲು ಕಾಗದದ ಮೇಲೆ ಬರೆದಿಡಿ. ಮುಂದಿನ ಲೆಕ್ಕವೆಲ್ಲ ಅದರ ಮೇಲೆ ನಿಂತಿದೆ. ಡೆಂಗಿ ವೈರಾಣುವಿನ ಪ್ರೋಟೀನ್ ಹುಡುಕುವ ಎನ್‌ಎಸ್1 ಪರೀಕ್ಷೆ ಮೊದಲ ಐದು ದಿನದೊಳಗೆ ಮಾಡಿಸಿದರೆ ಉಪಯೋಗ, ಅದರ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯ ಹುಡುಕುವ ಐಜಿಎಂ ಐದನೇ ದಿನದ ನಂತರ. ಇವುಗಳ ಜೊತೆಗೆ ಮೊದಲ ಮೂರು ದಿನದಲ್ಲೇ ಒಂದು ಸಿಬಿಸಿ, ಅಂದರೆ ರಕ್ತಕಣಗಳ ಪೂರ್ಣ ಎಣಿಕೆ ಮಾಡಿಸಿ. ಆಗ ಪ್ಲೇಟ್‌ಲೆಟ್ ಸರಿಯಾಗಿಯೇ ಇರಬಹುದು. ನಮಗೆ ಬೇಕಾದದ್ದು ಅದೇ ಹಾಳೆಯಲ್ಲಿರುವ ಪಿಸಿವಿ, ಅಂದರೆ ಹೆಮಟೋಕ್ರಿಟ್ ಅಂಕಿ. ರಕ್ತದಲ್ಲಿ ಕೆಂಪು ಕಣಗಳ ಪಾಲು ಶೇಕಡಾ ಎಷ್ಟು ಎಂದು ಅದು ಹೇಳುತ್ತದೆ.

ಡೆಂಗಿಯಲ್ಲಿ ಜೀವಕ್ಕೆ ಕುತ್ತು ತರುವುದು ಹೆಚ್ಚಾಗಿ ಪ್ಲೇಟ್‌ಲೆಟ್ ಕೊರತೆಯಲ್ಲ. ರಕ್ತನಾಳಗಳ ಗೋಡೆಯಿಂದ ರಕ್ತದ ನೀರಿನಂಶ ಹೊರಕ್ಕೆ ಸೋರಿ, ಒಳಗೆ ಉಳಿದ ರಕ್ತ ಮಂದವಾಗುವುದು. ಮಂದವಾದಷ್ಟೂ ಪಿಸಿವಿ ಏರುತ್ತದೆ. ಮೊದಲಿದ್ದುದಕ್ಕಿಂತ ಶೇ 20ರಷ್ಟು ಏರಿದರೆ ಸೋರಿಕೆ ಇದೆ ಎಂದರ್ಥ. 40 ಇದ್ದದ್ದು 48 ಆದರೆ ವೈದ್ಯರ ಕಣ್ಣಿಗೆ ತಕ್ಷಣ ಬೀಳುತ್ತದೆ. ಎಡವಟ್ಟಾಗುವುದು ರಕ್ತಹೀನತೆ ಇರುವ ಹೆಂಗಸರಲ್ಲಿ. ಅವರದು ಮೊದಲೇ 30 ಇದ್ದು 36 ಆಗಿದ್ದರೆ ಅದೂ ಶೇ 20ರ ಏರಿಕೆಯೇ. ಆದರೆ ಲ್ಯಾಬಿನ ಹಾಳೆಯಲ್ಲಿ 36 ಎಂಬುದು ಗಾಬರಿಪಡುವ ಅಂಕಿಯಾಗಿ ಕಾಣುವುದೇ ಇಲ್ಲ. ಮೊದಲ ರಿಪೋರ್ಟ್ ಕೈಯಲ್ಲಿದ್ದರೆ ಮಾತ್ರ ಗೊತ್ತಾಗುತ್ತದೆ. ಪಿಸಿವಿ ದಿಢೀರನೆ ಇಳಿದು ರಕ್ತದೊತ್ತಡವೂ ಕುಸಿದರೆ ಒಳಗೆಲ್ಲೋ ರಕ್ತಸ್ರಾವವಾಗುತ್ತಿದೆ ಎಂಬ ಅನುಮಾನ ಪಡಬೇಕು.

ಜ್ವರವಿಲ್ಲ, ಚರ್ಮದ ಮೇಲೆ ಕಲೆಯಿಲ್ಲ, ಆದರೂ ಎಣಿಕೆ 30 ಸಾವಿರ ಎಂದು ಬಂದಿದೆಯೇ? ನೇರಳೆ ಮುಚ್ಚಳದ ಟ್ಯೂಬಿನಲ್ಲಿರುವ ಇಡಿಟಿಎ ರಾಸಾಯನಿಕಕ್ಕೆ ಕೆಲವರ ಪ್ಲೇಟ್‌ಲೆಟ್‌ಗಳು ಗುಂಪು ಕಟ್ಟಿಕೊಳ್ಳುತ್ತವೆ. ಯಂತ್ರ ಗುಂಪನ್ನು ಪ್ಲೇಟ್‌ಲೆಟ್ ಎಂದು ಎಣಿಸುವುದಿಲ್ಲ. ನೀಲಿ ಮುಚ್ಚಳದ ಸಿಟ್ರೇಟ್ ಟ್ಯೂಬಿನಲ್ಲಿ ರಕ್ತ ತೆಗೆಸಿ, ಗಾಜಿನ ಸ್ಲೈಡಿನ ಮೇಲೆ ಸವರಿದ ರಕ್ತವನ್ನು (ಸ್ಮಿಯರ್) ಸೂಕ್ಷ್ಮದರ್ಶಕದಲ್ಲಿ ನೋಡಲು ಹೇಳಿ.

ಮನೆಯಲ್ಲಿ

ಜ್ವರಕ್ಕೆ ಪ್ಯಾರಾಸಿಟಮಾಲ್ ಒಂದೇ. ದೊಡ್ಡವರಿಗೆ 500 ಅಥವಾ 650 ಮಿಲಿಗ್ರಾಂ ಆರು ಗಂಟೆಗೊಮ್ಮೆ, ಮಕ್ಕಳಿಗೆ ಪ್ರತಿ ಕಿಲೋ ತೂಕಕ್ಕೆ 10ರಿಂದ 15 ಮಿಲಿಗ್ರಾಂ. ಮೈಕೈ ನೋವೆಂದು ಐಬುಪ್ರೊಫೆನ್, ಡೈಕ್ಲೋಫೆನಾಕ್, ಆಸ್ಪಿರಿನ್ ನುಂಗಬೇಡಿ. ಅವು ಇರುವ ಪ್ಲೇಟ್‌ಲೆಟ್‌ಗಳ ಕೆಲಸವನ್ನೂ ಕೆಡಿಸಿ ಹೊಟ್ಟೆಯಲ್ಲಿ ರಕ್ತಸ್ರಾವ ತರಿಸುತ್ತವೆ. ಹೃದಯದ ತೊಂದರೆಗೆ ಮೊದಲಿನಿಂದ ಆಸ್ಪಿರಿನ್ ತೆಗೆದುಕೊಳ್ಳುತ್ತಿರುವವರು ತಾವಾಗಿಯೇ ನಿಲ್ಲಿಸದೆ ವೈದ್ಯರನ್ನು ಕೇಳಬೇಕು. ಸೊಂಟಕ್ಕೆ ಇಂಜೆಕ್ಷನ್ ಚುಚ್ಚಿಸಿಕೊಳ್ಳುವುದೂ ಬೇಡ, ಮಾಂಸದೊಳಗೆ ರಕ್ತ ಕಟ್ಟುತ್ತದೆ.

ದೊಡ್ಡವರಿಗೆ ದಿನಕ್ಕೆ ಎರಡೂವರೆಯಿಂದ ಮೂರು ಲೀಟರ್ ದ್ರವ ಬೇಕು. ಬರೀ ನೀರೇ ಆದರೆ ಲವಣ ಏರುಪೇರಾಗುತ್ತದೆ. ಓಆರ್‌ಎಸ್, ಗಂಜಿ, ಮಜ್ಜಿಗೆ, ಎಳನೀರು ಬೆರೆಸಿಕೊಳ್ಳಿ. ಓಆರ್‌ಎಸ್ ದೊಡ್ಡ ಪೊಟ್ಟಣ ಪೂರ್ತಿ ಒಂದು ಲೀಟರಿಗೆ. ಅರ್ಧ ಪೊಟ್ಟಣ ಒಂದು ಲೋಟಕ್ಕೆ ಹಾಕಿದರೆ ಉಪ್ಪು ವಿಪರೀತವಾಗುತ್ತದೆ. ಬೀಟ್‌ರೂಟ್, ದಾಳಿಂಬೆ ರಸ ಈ ವಾರ ಬೇಡ: ವಾಂತಿಯಲ್ಲಿ ಬಂದ ಕೆಂಪು ರಸವೋ ರಕ್ತವೋ ಯಾರಿಗೂ ತಿಳಿಯುವುದಿಲ್ಲ. ಹೃದಯ, ಮೂತ್ರಪಿಂಡದ ಕಾಯಿಲೆ ಇದ್ದವರಿಗೆ ಈ ಅಳತೆ ಹೊಂದುವುದಿಲ್ಲ.

ಮೂತ್ರ ಕನಿಷ್ಠ ಆರು ಗಂಟೆಗೊಮ್ಮೆ ಬರುತ್ತಿರಬೇಕು. ಎಷ್ಟು ಹೊತ್ತಿಗೆ ಬಂತೆಂದು ಬರೆದಿಡಿ.

ಜ್ವರ ಬಿಟ್ಟ ದಿನ

ಮೂರರಿಂದ ಏಳನೇ ದಿನದ ನಡುವೆ ಜ್ವರ ಇಳಿಯುತ್ತದೆ. ‘ಸದ್ಯ, ಬಿಡ್ತು’ ಎಂದು ಮನೆಯವರು ನಿಟ್ಟುಸಿರು ಬಿಡುವುದೂ, ಸೋರಿಕೆ ಜೋರಾಗುವುದೂ ಆಗಲೇ. ಮುಂದಿನ 24ರಿಂದ 48 ಗಂಟೆ ಕಣ್ಣಿಟ್ಟಿರಬೇಕು. ತೀವ್ರ ಹೊಟ್ಟೆನೋವು, ಬಿಡದ ವಾಂತಿ, ಒಸಡು ಅಥವಾ ಮೂಗಿನಲ್ಲಿ ರಕ್ತ, ಕಪ್ಪು ಮಲ, ಮಂಕು ಅಥವಾ ಚಡಪಡಿಕೆ, ತಣ್ಣಗಾದ ಕೈಕಾಲು ಇವುಗಳಲ್ಲಿ ಒಂದು ಕಂಡರೂ ರಾತ್ರಿಯೇ ಆಗಲಿ, ಆಸ್ಪತ್ರೆಗೆ ಹೊರಡಿ. ಮನೆಯಲ್ಲಿ ಬಿಪಿ ಯಂತ್ರವಿದ್ದರೆ ಮೇಲಿನ ಅಂಕಿಯಿಂದ ಕೆಳಗಿನದನ್ನು ಕಳೆಯಿರಿ. 100/80 ನೋಡಲು ಒಳ್ಳೆಯ ಬಿಪಿಯಂತಿದೆ. ಆದರೆ ಅಂತರ 20ಕ್ಕೆ ಇಳಿದಿದೆ, ಅದು ಆಘಾತ ಸ್ಥಿತಿಯ (ಶಾಕ್, ಅಂದರೆ ಅಂಗಾಂಗಗಳಿಗೆ ಸಾಕಷ್ಟು ರಕ್ತ ತಲುಪದ ಸ್ಥಿತಿ) ಲಕ್ಷಣ.

ಪ್ಲೇಟ್‌ಲೆಟ್ ಕೊಡಿಸುವುದು ಯಾವಾಗ?

ವೈದ್ಯರು ಬೇಡವೆಂದರೂ ‘20 ಸಾವಿರಕ್ಕೆ ಬಂದಿದೆ, ಹಾಕಿಬಿಡಿ’ ಎಂದು ಒತ್ತಾಯಿಸುವವರೇ ಹೆಚ್ಚು. ಸಿಂಗಪುರ ಮತ್ತು ಮಲೇಷ್ಯಾದಲ್ಲಿ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, 20 ಸಾವಿರ ಅಥವಾ ಅದಕ್ಕೂ ಕಡಿಮೆ ಎಣಿಕೆಯ ವಯಸ್ಕ ಡೆಂಗಿ ರೋಗಿಗಳಿಗೆ ಮುಂಜಾಗ್ರತೆಯೆಂದು ಪ್ಲೇಟ್‌ಲೆಟ್ ಹಾಕಿದರೂ ರಕ್ತಸ್ರಾವ ಕಡಿಮೆಯಾಗಲಿಲ್ಲ. ಅಡ್ಡಪರಿಣಾಮ ಮಾತ್ರ ಹೆಚ್ಚಾಯಿತು. ಭಾರತದ ಮಾರ್ಗಸೂಚಿಯಲ್ಲಿ ರಕ್ತಸ್ರಾವ ಇಲ್ಲದವರಿಗೆ ಗಡಿ 10 ಸಾವಿರ. ಗಮನಾರ್ಹ ರಕ್ತಸ್ರಾವ ಇದ್ದರೆ ಎಣಿಕೆ ಎಷ್ಟೇ ಇರಲಿ, ಲೆಕ್ಕ ಬೇರೆ.

ಕೊಡಲೇಬೇಕಾದಾಗ ಎರಡು ಬಗೆ. ಸಾಮಾನ್ಯ ರಕ್ತದಾನದಿಂದ ಬೇರ್ಪಡಿಸಿದ ಆರ್‌ಡಿಪಿ ಚೀಲ ಒಂದಕ್ಕೆ 50ರಿಂದ 70 ಮಿಲಿ. ದೊಡ್ಡವರಲ್ಲಿ 5ರಿಂದ 10 ಸಾವಿರ ಏರಿಸುತ್ತದೆ. ಒಬ್ಬರೇ ದಾನಿಯಿಂದ ಯಂತ್ರದ ಮೂಲಕ ತೆಗೆದ ಎಸ್‌ಡಿಪಿ 30ರಿಂದ 60 ಸಾವಿರ. ಡೆಂಗಿಯಲ್ಲಿ ಈ ಏರಿಕೆ ಕೆಲವೇ ಗಂಟೆಯಲ್ಲಿ ಕರಗಿಹೋಗಬಹುದು. ಎಸ್‌ಡಿಪಿ ದಾನಿಯ ಎಣಿಕೆ 1.5 ಲಕ್ಷ ಮೀರಿರಬೇಕು, ಹಿಂದಿನ ಮೂರು ದಿನ ಆಸ್ಪಿರಿನ್ ಮುಟ್ಟಿರಬಾರದು. ರಕ್ತನಿಧಿಯಲ್ಲಿ ಈ ಚೀಲಗಳು 20ರಿಂದ 24 ಡಿಗ್ರಿಯಲ್ಲಿ, ತೊಟ್ಟಿಲಂತೆ ತೂಗುವ ಯಂತ್ರದ ಮೇಲೆ, ಐದು ದಿನ ಮಾತ್ರ ಉಳಿಯುತ್ತವೆ. ಕೆಂಪು ರಕ್ತದ ಹಾಗೆ ಐಸ್ ಡಬ್ಬದಲ್ಲಿಟ್ಟು ತಂದರೆ ಕೆಟ್ಟಂತೆಯೇ.

ಪರಂಗಿ ಎಲೆ ರಸದಿಂದ ಎಣಿಕೆ ತುಸು ಬೇಗ ಏರಿತು ಎಂದ ಸಣ್ಣ ಅಧ್ಯಯನಗಳಿವೆ. ಸೋರಿಕೆಯನ್ನು ತಡೆಯುತ್ತದೆ ಎಂಬುದಕ್ಕೆ ಆಧಾರವಿಲ್ಲ, ಆ ಕಹಿಗೆ ವಾಂತಿಯಾದರೆ ಕುಡಿದ ಗಂಜಿಯೂ ಹೋಯಿತು. ಎಣಿಕೆ ಏರಲೆಂದು ಮೇಕೆ ಹಾಲನ್ನು ಕುದಿಸದೆ ಕುಡಿಸಿದರೆ ಬ್ರುಸೆಲ್ಲಾ ಜ್ವರದ ಅಪಾಯ ಬೇರೆ.

ಡೆಂಗಿ ಅಲ್ಲದಿದ್ದರೆ

ಮಲೇರಿಯಾ, ಇಲಿಜ್ವರ, ಮಲೆನಾಡಿನ ಮಂಗನ ಕಾಯಿಲೆಯಲ್ಲೂ ಎಣಿಕೆ ಇಳಿಯುತ್ತದೆ. ಜ್ವರ ಬಿಟ್ಟು ಮೂರು ವಾರವಾದರೂ 1 ಲಕ್ಷ ದಾಟದಿದ್ದರೆ ಬಿ12 ಕೊರತೆ, ಯಕೃತ್ತು, ಗುಲ್ಮ, ಮಜ್ಜೆಯ ಕಾಯಿಲೆಗಳನ್ನು ಹುಡುಕಬೇಕು. ಯಾವುದೂ ಸಿಗದಿದ್ದರೆ ಐಟಿಪಿ ಎನ್ನುತ್ತಾರೆ, ಅಂದರೆ ದೇಹವೇ ತನ್ನ ಪ್ಲೇಟ್‌ಲೆಟ್‌ಗಳನ್ನು ಕೊಲ್ಲುವುದು. ದೊಡ್ಡವರಲ್ಲಿ 30 ಸಾವಿರಕ್ಕಿಂತ ಕೆಳಗಿದ್ದರೆ ಅಥವಾ ರಕ್ತಸ್ರಾವ ಇದ್ದರೆ ಸ್ಟಿರಾಯ್ಡ್ ಶುರು ಮಾಡುತ್ತಾರೆ. ಡೆಂಗಿಗೆ ಅದು ಮದ್ದಲ್ಲ. ಸ್ಟಿರಾಯ್ಡ್‌ಗೆ ಬಗ್ಗದಾಗ ಪ್ಲೇಟ್‌ಲೆಟ್ ಉತ್ಪಾದನೆ ಹೆಚ್ಚಿಸಲು ಬರೆಯುವ ಎಲ್ಟ್ರಾಂಬೊಪ್ಯಾಗ್ ಮಾತ್ರೆಯನ್ನು ಹಾಲು, ಮೊಸರು, ಕ್ಯಾಲ್ಸಿಯಂ ಮಾತ್ರೆಗೆ ಎರಡು ಗಂಟೆ ಮೊದಲು ಅಥವಾ ನಾಲ್ಕು ಗಂಟೆ ನಂತರ ನುಂಗಬೇಕು. ಮೊಸರನ್ನ ಉಂಡ ಕೂಡಲೇ ತೆಗೆದುಕೊಂಡರೆ ಔಷಧಿಯ ಬಹುಪಾಲು ಮೈಗೆ ಸೇರುವುದೇ ಇಲ್ಲ.