ಕಡಲಿಲ್ಲದ ಯುದ್ಧಭೂಮಿಗೆ ಸರಬರಾಜು: ಯೋಜನೆ ಹಾಕುವ ಬಗೆ

ಅಫ್ಘಾನಿಸ್ತಾನಕ್ಕೆ ಕಡಲಿಲ್ಲ. 2001ರಿಂದ 2021ರವರೆಗೆ ಅಲ್ಲಿದ್ದ ಅಮೆರಿಕ ಮತ್ತು ನ್ಯಾಟೊ ಪಡೆಗಳಿಗೆ ಹೊರಗಿನಿಂದ ಬಂದ ಡೀಸೆಲ್, ಟೈರು, ಸಿಮೆಂಟು, ಡಬ್ಬಿಯ ಊಟ ಎಲ್ಲವೂ ಮತ್ತೊಂದು ದೇಶದ ನೆಲವನ್ನೋ ಆಕಾಶವನ್ನೋ ದಾಟಿಯೇ ಒಳಗೆ ಬರಬೇಕಿತ್ತು. ರಕ್ಷಣಾ ಅಧ್ಯಯನವನ್ನಾಗಲೀ ಸಾಗಣೆ ನಿರ್ವಹಣೆಯನ್ನಾಗಲೀ ಓದುತ್ತಿರುವವರು ಇಂಥ ಸರಬರಾಜಿಗೆ ಯೋಜನೆ ಹಾಕುವುದನ್ನು ಕಲಿಯಲು ಈ ಇಪ್ಪತ್ತು ವರ್ಷಗಳಿಗಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ. ಹೆಚ್ಚಿನವರು ಲಾರಿಗಳ ಲೆಕ್ಕದಿಂದ ಯೋಜನೆಯನ್ನು ಆರಂಭಿಸುತ್ತಾರೆ. ಅದು ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ. ಮೊದಲು ಲೆಕ್ಕ ಹಾಕಬೇಕಾದದ್ದು ಬಾಗಿಲುಗಳನ್ನು, ಮತ್ತು ಆ ಬಾಗಿಲುಗಳ ಚಿಲಕ ಯಾರ ಕೈಯಲ್ಲಿದೆ ಎಂಬುದನ್ನು.

ನಕಾಶೆಯನ್ನು ಮುಂದಿಟ್ಟುಕೊಂಡು ನೆರೆಯ ದೇಶಗಳನ್ನು ಒಂದೊಂದಾಗಿ ಪರಿಶೀಲಿಸಿ. ಅಫ್ಘಾನಿಸ್ತಾನಕ್ಕೆ ನೆರೆಯವರು ಆರು. ಇರಾನಿನ ದಾರಿ ಅಮೆರಿಕಕ್ಕೆ ರಾಜಕೀಯ ಕಾರಣದಿಂದ ಮುಚ್ಚಿತ್ತು; ಚೀನಾದ ಗಡಿ ಇರುವುದು ವಾಖಾನ್ ಎಂಬ ಎತ್ತರದ ಕಿರುಪಟ್ಟಿಯಲ್ಲಿ, ಅಲ್ಲಿ ಭಾರೀ ಸರಕು ಸಾಗಿಸುವ ರಸ್ತೆಯೇ ಇರಲಿಲ್ಲ. ಉಳಿದದ್ದು ದಕ್ಷಿಣದಲ್ಲಿ ಪಾಕಿಸ್ತಾನ, ಉತ್ತರದಲ್ಲಿ ಮಧ್ಯ ಏಷ್ಯಾದ ಮೂರು ದೇಶಗಳು. ಪಾಕಿಸ್ತಾನದ ದಾರಿಯೇ ಹತ್ತಿರದ್ದು ಮತ್ತು ಅಗ್ಗದ್ದು: ಕರಾಚಿಯಲ್ಲಿ ಹಡಗಿನಿಂದ ಇಳಿದ ಕಂಟೈನರ್ ಒಂದೋ ಖೈಬರ್ ಕಣಿವೆಯ ತೋರ್ಖಮ್ ಮೂಲಕ ಕಾಬೂಲಿನ ಕಡೆಗೆ, ಇಲ್ಲವೇ ಚಮನ್ ಮೂಲಕ ಕಂದಹಾರದ ಕಡೆಗೆ ಸಾಗುತ್ತಿತ್ತು. ಪ್ರತಿ ಬಾಗಿಲಿಗೂ ಒಂದು ಹಾಳೆ ಇಟ್ಟು ಅದರಲ್ಲಿ ನಾಲ್ಕು ವಿಷಯ ಬರೆದುಕೊಳ್ಳಬೇಕು: ಅನುಮತಿ ಕೊಡುವವರು ಯಾರು, ಯಾವ ಸರಕಿಗೆ ಅನುಮತಿ ಇದೆ, ಅದು ಬರುವುದಕ್ಕೆ ಮಾತ್ರವೋ ಹೋಗುವುದಕ್ಕೂ ಅನ್ವಯಿಸುವುದೋ, ಮತ್ತು ಯಾವ ಸಂದರ್ಭದಲ್ಲಿ ಆ ದೇಶ ಬಾಗಿಲು ಹಾಕೀತು. ನಾಲ್ಕನೆಯದನ್ನು ಬರೆಯಲು ಜನ ಹಿಂಜರಿಯುತ್ತಾರೆ; ಆದರೆ ಯೋಜನೆಯ ಪ್ರಾಣ ಇರುವುದು ಅಲ್ಲೇ.

ಏಕೆಂದರೆ ಬಾಗಿಲು ಮುಚ್ಚಿದ್ದು ಊಹೆಯ ಮಾತಲ್ಲ, ನಡೆದ ಸಂಗತಿ. 2010ರ ಸೆಪ್ಟೆಂಬರ್ ಕೊನೆಯಲ್ಲಿ ನ್ಯಾಟೊ ಹೆಲಿಕಾಪ್ಟರುಗಳ ದಾಳಿಯಲ್ಲಿ ಪಾಕಿಸ್ತಾನಿ ಯೋಧರು ಸತ್ತಾಗ ತೋರ್ಖಮ್ ಸುಮಾರು ಹತ್ತು ದಿನ ಮುಚ್ಚಿತು, ಮತ್ತು ಆ ದಿನಗಳಲ್ಲಿ ದಾರಿಯುದ್ದಕ್ಕೂ ನಿಂತಲ್ಲೇ ನಿಂತಿದ್ದ ಇಂಧನ ಟ್ಯಾಂಕರುಗಳಿಗೆ ಬೆಂಕಿ ಬಿತ್ತು. ಅದು ಬರಿಯ ಮುನ್ಸೂಚನೆಯಾಗಿತ್ತು. 2011ರ ನವೆಂಬರ್ 26ರಂದು ಸಲಾಲಾ ಎಂಬಲ್ಲಿ ನ್ಯಾಟೊ ವೈಮಾನಿಕ ದಾಳಿಗೆ 24 ಪಾಕಿಸ್ತಾನಿ ಸೈನಿಕರು ಬಲಿಯಾದ ಮೇಲೆ ಎರಡೂ ಬಾಗಿಲುಗಳು ಮುಚ್ಚಿ, ಮರುವರ್ಷದ ಜುಲೈ ಆರಂಭದವರೆಗೆ, ಅಂದರೆ ಏಳು ತಿಂಗಳಿಗೂ ಹೆಚ್ಚು ಕಾಲ, ಮುಚ್ಚಿಯೇ ಇದ್ದವು. ಸುತ್ತುದಾರಿಯ ಹೆಚ್ಚುವರಿ ವೆಚ್ಚ ತಿಂಗಳಿಗೆ ಸುಮಾರು 10 ಕೋಟಿ ಡಾಲರ್ ಎಂದು ಅಮೆರಿಕದ ರಕ್ಷಣಾ ಕಾರ್ಯದರ್ಶಿ ಲಿಯೊನ್ ಪನೆಟ್ಟಾ ಆಗ ಹೇಳಿದ್ದರು. ಬಾಗಿಲು ತೆರೆದದ್ದು ಹಿಲರಿ ಕ್ಲಿಂಟನ್ ಅವರು ವಿಷಾದ ವ್ಯಕ್ತಪಡಿಸಿದ ನಂತರ. ಕರಾಚಿಯಲ್ಲಿ ಸಾಲುಗಟ್ಟಿ ನಿಂತ ಲಾರಿಗಳನ್ನು ಹೊರಡಿಸಿದ್ದು ಯಾವ ಸಾಗಣೆ ಅಧಿಕಾರಿಯ ಜಾಣತನವೂ ಅಲ್ಲ, ವಿದೇಶಾಂಗ ಸಚಿವೆಯ ಒಂದು ಮಾತು. ಯೋಜನೆ ಹಾಕುವವರು ರಾಯಭಾರ ಕಚೇರಿಯವರೊಂದಿಗೆ ದಿನವೂ ಮಾತಾಡುತ್ತಿರಬೇಕು ಎನ್ನುವುದು ಇದಕ್ಕಾಗಿಯೇ.

ಅಷ್ಟು ದೀರ್ಘ ಕಾಲ ಬಾಗಿಲು ಮುಚ್ಚಿದ್ದರೂ ಸೇನೆ ಉಪವಾಸ ಬೀಳಲಿಲ್ಲ, ಏಕೆಂದರೆ ಎರಡನೆಯ ದಾರಿಯನ್ನು 2009ರಿಂದಲೇ ಕಟ್ಟಲಾಗಿತ್ತು. ಲಾಟ್ವಿಯಾದ ರಿಗಾ ಬಂದರಿನಲ್ಲಿ ಇಳಿದ ಸರಕು ರೈಲಿನಲ್ಲಿ ರಷ್ಯಾ, ಕಜಾಕಸ್ತಾನ, ಉಜ್ಬೆಕಿಸ್ತಾನಗಳನ್ನು ದಾಟಿ ಅಮು ದರಿಯಾ ನದಿಯ ದಡದ ತೆರ್ಮೆಜ್‌ಗೆ, ಅಲ್ಲಿಂದ ಸೇತುವೆ ದಾಟಿ ಅಫ್ಘಾನಿಸ್ತಾನದ ಗಡಿಯೂರು ಹೈರತಾನ್‌ಗೆ ಬರುತ್ತಿತ್ತು. ಸಾವಿರಾರು ಕಿಲೋಮೀಟರಿನ ಈ ದಾರಿ ಕೆಲಸ ಮಾಡಿದ್ದರ ಗುಟ್ಟು ಹಳಿಯ ಅಗಲದಲ್ಲಿದೆ. ಮುಂಬೈಯಿಂದ ಬೆಂಗಳೂರಿಗೆ ಬರುವವರು ಮೀರಜ್‌ನಲ್ಲಿ ಬ್ರಾಡ್‌ಗೇಜ್ ಗಾಡಿ ಇಳಿದು ಮೀಟರ್‌ಗೇಜ್ ಗಾಡಿ ಹತ್ತುತ್ತಿದ್ದ ಕಾಲವನ್ನು ಹಿರಿಯರು ಮರೆತಿರಲಾರರು. ಸರಕಿನ ವಿಷಯದಲ್ಲಿ ಅಂಥ ಒಂದೊಂದು ಬದಲಾವಣೆಗೂ ಕ್ರೇನು, ಹಮಾಲರು, ಗೋದಾಮು ಮತ್ತು ಕಳೆದುಹೋಗುವ ದಿನಗಳು ಬೇಕು. ರಿಗಾದಿಂದ ಹೈರತಾನ್‌ವರೆಗೆ ಎಲ್ಲೆಡೆಯೂ ಹಳೆಯ ಸೋವಿಯತ್ ಅಳತೆಯ 1520 ಮಿಲಿಮೀಟರಿನ ಹಳಿಯೇ ಇದ್ದುದರಿಂದ ಸರಕನ್ನು ನಡುವೆ ಎಲ್ಲೂ ಇಳಿಸಿ ಏರಿಸಬೇಕಾಗಲಿಲ್ಲ. ಹೈರತಾನ್‌ನಿಂದ ಮಜಾರ್-ಎ-ಶರೀಫ್‌ಗೆ 75 ಕಿಲೋಮೀಟರ್ ಹೊಸ ಹಳಿ ಹಾಕಿದಾಗಲೂ ಅದೇ ಅಗಲವನ್ನು ಉಳಿಸಿಕೊಂಡರು. ಎರಡನೆಯ ದಾರಿಯನ್ನು ಹುಡುಕುವಾಗ ದೂರವನ್ನು ನೋಡಿ ಹೆದರಬೇಡಿ. ಸರಕು ಎಷ್ಟು ಸಲ ಕೈ ಬದಲಾಗುತ್ತದೆ ಎಂಬುದನ್ನು ಎಣಿಸಿ. ಈ ದಾರಿಗೂ ಅದರದೇ ಷರತ್ತು ಇತ್ತು: ಮದ್ದುಗುಂಡು, ಆಯುಧ ಹೋಗುವಂತಿಲ್ಲ, ಉಳಿದ ಸರಕು ಮಾತ್ರ.

ಬಾಗಿಲುಗಳ ಹಾಳೆ ಸಿದ್ಧವಾದ ಮೇಲೆ ಲಾರಿಗಳ ಲೆಕ್ಕಕ್ಕೆ ಬರಬಹುದು. ಅಭ್ಯಾಸಕ್ಕಾಗಿ ಒಂದು ಕಲ್ಪಿತ ಲೆಕ್ಕವನ್ನು ಮಾಡೋಣ. ಹತ್ತು ಸಾವಿರ ಯೋಧರ ಪಡೆಗೆ, ವಾಹನ, ಜನರೇಟರ್ ಎಲ್ಲ ಸೇರಿ, ತಲೆಗೆ ದಿನಕ್ಕೆ 40 ಲೀಟರ್ ಇಂಧನ ಬೇಕು ಎಂದಿಟ್ಟುಕೊಂಡರೆ ದಿನದ ಬೇಡಿಕೆ 4 ಲಕ್ಷ ಲೀಟರ್. ಒಂದು ಟ್ಯಾಂಕರಿನಲ್ಲಿ 20 ಸಾವಿರ ಲೀಟರ್ ಹಿಡಿದರೆ ದಿನಕ್ಕೆ 20 ಟ್ಯಾಂಕರ್ ತಲುಪಬೇಕು. ಬಂದರಿನಿಂದ ಹೊರಟು, ಖಾಲಿಯಾಗಿ ಮರಳಿ ಬಂದರು ಸೇರಲು 16 ದಿನವಾದರೆ ಯಾವಾಗಲೂ ದಾರಿಯ ಮೇಲಿರಬೇಕಾದವು 320 ಟ್ಯಾಂಕರ್. ಈಗ ಗಡಿ ಠಾಣೆಯಲ್ಲಿ ಕಾಯುವುದು ನಾಲ್ಕು ದಿನ ಹೆಚ್ಚಾಯಿತೆನ್ನಿ: ಯುದ್ಧ ಜೋರಾಗಿಲ್ಲ, ಬೇಡಿಕೆ ಒಂದು ಲೀಟರೂ ಏರಿಲ್ಲ, ಆದರೂ ಬೇಕಾದವು 400. ಗಡಿಯಲ್ಲಿ ಕಾಗದಪತ್ರ ತಪಾಸಣೆಯ ವೇಗವೇ ಟ್ಯಾಂಕರುಗಳ ಸಂಖ್ಯೆಯನ್ನು ನಿರ್ಧರಿಸುತ್ತದೆ ಎಂಬುದನ್ನು ಈ ಲೆಕ್ಕವನ್ನು ಸ್ವಂತ ಕೈಯಿಂದ ಮಾಡಿದವರು ಮರೆಯುವುದಿಲ್ಲ. ಆಮೇಲೆ ದಾಸ್ತಾನಿನ ಪ್ರಶ್ನೆ. ಇಷ್ಟು ದಿನದ ದಾಸ್ತಾನು ಇರಲಿ ಎಂದು ದುಂಡು ಸಂಖ್ಯೆಯನ್ನು ಬರೆಯಬಾರದು; ಮೊದಲ ದಾರಿ ಮುಚ್ಚಿದ ದಿನದಿಂದ ಎರಡನೆಯ ದಾರಿಯ ಸರಕು ಪೂರ್ತಿ ಪ್ರಮಾಣದಲ್ಲಿ ಬಂದು ಸೇರುವವರೆಗೆ ಎಷ್ಟು ದಿನ ಬೇಕೋ ಅಷ್ಟನ್ನು, ಅದರ ಮೇಲೆ ಇನ್ನಷ್ಟನ್ನು ಇಟ್ಟುಕೊಳ್ಳಬೇಕು.

ಗಡಿ ದಾಟಿದ ಮೇಲೂ ಇಕ್ಕಟ್ಟಿನ ಜಾಗಗಳಿವೆ. ಉತ್ತರದಿಂದ ಕಾಬೂಲಿಗೆ ಬರುವ ಲಾರಿ ಹಿಂದೂಕುಷ್ ಪರ್ವತದಲ್ಲಿ ಮೂರು ಸಾವಿರ ಮೀಟರಿಗೂ ಎತ್ತರದಲ್ಲಿರುವ, 1964ರಲ್ಲಿ ಸೋವಿಯತ್ ನೆರವಿನಿಂದ ತೆರೆದ ಸಲಾಂಗ್ ಸುರಂಗವನ್ನು ಹೊಕ್ಕು ಹೊರಬರಬೇಕು. ಸುಮಾರು ಎರಡೂವರೆ ಕಿಲೋಮೀಟರಿಗೂ ಉದ್ದದ ಆ ಸುರಂಗದೊಳಗೆ ಹೊಗೆ, ಹೊಂಡ, ಚಳಿಗಾಲದಲ್ಲಿ ಮಂಜುಗಡ್ಡೆ; 2010ರ ಫೆಬ್ರುವರಿಯಲ್ಲಿ ಅದರ ಆಸುಪಾಸಿನ ಹಿಮಕುಸಿತಗಳಲ್ಲಿ ನೂರೈವತ್ತಕ್ಕೂ ಹೆಚ್ಚು ಜನ ಸತ್ತರು. ಇಡೀ ದಾರಿಯ ಸಾಮರ್ಥ್ಯ ಅದರ ಅತಿ ಕಿರಿದಾದ ಜಾಗದ ಸಾಮರ್ಥ್ಯವೇ ಆಗಿರುವುದರಿಂದ, ಅಂಥ ಜಾಗ ವರ್ಷದ ಯಾವ ತಿಂಗಳಲ್ಲಿ ಎಷ್ಟು ಲಾರಿ ಬಿಡುತ್ತದೆ ಎಂಬ ಪಟ್ಟಿ ಬೇಕೇ ಬೇಕು. ನಮ್ಮ ಭಾರತೀಯ ಯೋಧರು ವಿಶ್ವಸಂಸ್ಥೆಯ ಶಾಂತಿಪಡೆಯಲ್ಲಿ ದುಡಿಯುತ್ತಿರುವ ದಕ್ಷಿಣ ಸುಡಾನ್ ಕೂಡ ಕಡಲಿಲ್ಲದ ದೇಶ. ಅಲ್ಲಿ ಹಿಮವಿಲ್ಲ, ಆದರೆ ನಮ್ಮ ವಿಜಯಪುರ, ಗದಗಿನ ಕಡೆಯಂಥ ಎರೆಮಣ್ಣಿದೆ. ಮಳೆ ಬಿದ್ದ ಎರೆಹೊಲದಲ್ಲಿ ಗಾಡಿಯ ಗಾಲಿ ಹೂತದ್ದನ್ನು ಕಂಡವರಿಗೆ, ಮೊಂಬಾಸಾ ಬಂದರಿನಿಂದ ಜುಬಾಕ್ಕೆ ಬಂದ ಸರಕನ್ನು ಮಳೆಗಾಲಕ್ಕೆ ಮೊದಲೇ ಒಳನಾಡಿನ ಠಾಣೆಗಳಿಗೆ ಸೇರಿಸಿ ಇಡಬೇಕಾದ ಕಾರಣವನ್ನು ಬಿಡಿಸಿ ಹೇಳಬೇಕಾಗಿಲ್ಲ.

ವಿಮಾನವಿದೆಯಲ್ಲ ಎಂದು ಕೇಳುವವರಿದ್ದಾರೆ. ಸಿ-17 ಎಂಬ ಭಾರೀ ಸೇನಾ ಸರಕು ವಿಮಾನ ಗರಿಷ್ಠ ಸುಮಾರು 77 ಟನ್ ಹೊರುತ್ತದೆ. ವ್ಯಾಗನ್ನಿಗೆ 60 ಟನ್ನಿನಂತೆ 40 ವ್ಯಾಗನ್ನುಗಳ ಒಂದೇ ಗೂಡ್ಸ್ ರೈಲಿನ ಸರಕಿಗೆ ಮೂವತ್ತಕ್ಕೂ ಹೆಚ್ಚು ಹಾರಾಟ ಬೇಕು. ಮದ್ದುಗುಂಡು, ಔಷಧ, ರಕ್ತ, ತುರ್ತು ಬಿಡಿಭಾಗ, ರಸ್ತೆಯೇ ಇಲ್ಲದ ಬೆಟ್ಟದ ಠಾಣೆಗೆ ಪ್ಯಾರಾಚೂಟಿನಿಂದ ಇಳಿಸುವ ಊಟ, ಇವಿಷ್ಟನ್ನೇ ವಿಮಾನಕ್ಕೆ ಬಿಡಬೇಕು.

ದಾರಿಯ ಕಾವಲಿನ ವಿಷಯವನ್ನು ಮನಸ್ಸು ಗಟ್ಟಿ ಮಾಡಿಕೊಂಡು ಬರೆಯಬೇಕು. ಅಮೆರಿಕ ಸೇನೆ ಅಫ್ಘಾನಿಸ್ತಾನದೊಳಗಿನ ಸಾಗಣೆಯನ್ನು 216 ಕೋಟಿ ಡಾಲರಿನ ಗುತ್ತಿಗೆಗೆ ಕೊಟ್ಟು, ಬೆಂಗಾವಲನ್ನೂ ಗುತ್ತಿಗೆದಾರರ ತಲೆಗೇ ಕಟ್ಟಿತು. ಸೈನಿಕರ ಜೀವ ಉಳಿಯಿತು ಎಂಬುದು ನಿಜ. ಆದರೆ ಗುತ್ತಿಗೆದಾರರು ಹೆದ್ದಾರಿಯನ್ನು ಹಿಡಿದಿದ್ದ ಸಶಸ್ತ್ರ ಗುಂಪುಗಳ ನಾಯಕರಿಗೆ ಹಣ ಕೊಟ್ಟು ಲಾರಿ ದಾಟಿಸುತ್ತಿದ್ದರೆಂದೂ, ಅದರಲ್ಲಿ ಒಂದು ಪಾಲು ತಾಲಿಬಾನಿನ ಕೈ ಸೇರುತ್ತಿದ್ದಿರಬಹುದೆಂದೂ ಅಮೆರಿಕದ ಸಂಸತ್ತಿನ ಉಪಸಮಿತಿ 2010ರ ಜೂನ್‌ನಲ್ಲಿ ವರದಿ ಮಾಡಿತು. ತನ್ನ ಶತ್ರುವಿಗೇ ಕಪ್ಪ ಕೊಟ್ಟು ತನ್ನ ಅನ್ನ ತರಿಸಿಕೊಳ್ಳುವ ಈ ಸ್ಥಿತಿಗಿಂತ ದೊಡ್ಡ ಸೋಲು ಸರಬರಾಜಿನಲ್ಲಿ ಇನ್ನೊಂದಿಲ್ಲ. ಆದ್ದರಿಂದ ಗುತ್ತಿಗೆಯ ಕಾಗದದಲ್ಲಿ ಉಪಗುತ್ತಿಗೆದಾರನ ಹೆಸರು, ಕಾವಲುಗಾರರ ಹೆಸರು, ಅವರಿಗೆ ಸಂದ ಹಣ ಇವೆಲ್ಲವನ್ನೂ ತೋರಿಸಬೇಕೆಂಬ ಕಟ್ಟುಪಾಡು ಇರಲೇಬೇಕು, ಮತ್ತು ಸೇನೆಯ ಅಧಿಕಾರಿಗಳು ಆಗಾಗ ಲಾರಿಗಳೊಂದಿಗೆ ತಾವೇ ಪ್ರಯಾಣ ಮಾಡಿ ನೋಡಬೇಕು. ಸ್ಥಳದಲ್ಲೇ ಸಿಗುವುದನ್ನು ಅಲ್ಲೇ ಕೊಂಡರೆ ಈ ತೊಂದರೆ ಬಹುಮಟ್ಟಿಗೆ ತಗ್ಗುತ್ತದೆ. ಕುಡಿಯುವ ನೀರನ್ನು ಆ ನಾಡಿನಲ್ಲೇ ಶುದ್ಧ ಮಾಡಿ ತುಂಬಿಸಿದ ದಿನ, ನೀರು ಹೊತ್ತು ಬರುತ್ತಿದ್ದ ಲಾರಿಗಳ ಒಂದು ಸಾಲೇ ರಸ್ತೆಯಿಂದ ಇಳಿಯುತ್ತದೆ.

ಕೊನೆಯದಾಗಿ, ಬರುವ ಯೋಜನೆಯ ಜೊತೆಯಲ್ಲೇ ಹೊರಡುವ ಯೋಜನೆಯನ್ನೂ ಬರೆಯಿರಿ. ಉತ್ತರದ ದಾರಿಯ ಮೊದಲ ಒಪ್ಪಂದಗಳು ಒಳಬರುವ ಸರಕಿಗಷ್ಟೇ ಅನ್ವಯಿಸುತ್ತಿದ್ದವು; ಹೊರಗೆ ಒಯ್ಯಲು ಕಜಾಕಸ್ತಾನ, ಕಿರ್ಗಿಸ್ತಾನ, ಉಜ್ಬೆಕಿಸ್ತಾನಗಳೊಂದಿಗೆ 2012ರಲ್ಲಿ ಬೇರೆಯೇ ಒಪ್ಪಂದ ಮಾಡಿಕೊಳ್ಳಬೇಕಾಯಿತು. ಸಾಗಿಸುವ ಖರ್ಚು ವಸ್ತುವಿನ ಬೆಲೆಯನ್ನು ಮೀರಿದ ಕಡೆಗಳಲ್ಲಿ ಭಾರೀ ವಾಹನಗಳನ್ನೇ ಕತ್ತರಿಸಿ ಗುಜರಿಗೆ ಹಾಕಿದರು. ಸಾಮಾನಿನ ಪಟ್ಟಿಯ ಪಕ್ಕದಲ್ಲಿ ಜನರ ಪಟ್ಟಿಯೂ ಇರಬೇಕು, ಅದರಲ್ಲಿ ಸಮವಸ್ತ್ರವಿಲ್ಲದ ಅಡುಗೆಯವರು, ಎಲೆಕ್ಟ್ರಿಷಿಯನ್ನರು, ಗೋದಾಮಿನ ಗುಮಾಸ್ತರು ಸೇರಿರಬೇಕು. ಅಂಥವರಲ್ಲಿ ನಮ್ಮ ದಕ್ಷಿಣ ಕನ್ನಡದವರೂ ಇದ್ದರು. 2021ರ ಆಗಸ್ಟಿನಲ್ಲಿ ಕಾಬೂಲ್ ಬಿದ್ದಾಗ ಅವರು ಮನೆ ಸೇರಲು ಉಳಿದಿದ್ದ ಬಾಗಿಲು ಒಂದೇ, ವಿಮಾನ ನಿಲ್ದಾಣ.